3 ಎಕರೆ, ಒಂದೂವರೆ ಇಂಚು ನೀರು: ಹಸು, ಕುರಿ, ಕೋಳಿ, ಮನೆ ಊಟದ ಬೆಳೆ ಎಲ್ಲಾ ಒಟ್ಟಿಗೆ ನಡೆಯುತ್ತಾ? (ಜಗಳೂರು ಕಡೆ)

ಜಗಳೂರು_ಮಸಾರಿ:
ಎಲ್ಲರಿಗೂ ನಮಸ್ಕಾರ. ನಮ್ದು ಜಗಳೂರು ತಾಲ್ಲೂಕು. ಅಪ್ಪನ ಹೆಸರಲ್ಲಿ 3 ಎಕರೆ ಐತೆ, ಒಂದು ಎಕರೆಗೆ ಬೋರ್ ನೀರು, ಈಗ ಒಂದೂವರೆ ಇಂಚು, ಏಪ್ರಿಲ್ ಮೇ ಬಂದ್ರೆ ಒಂದು ಇಂಚಿಗೆ ಇಳಿಯುತ್ತೆ, ಉಳಿದ ಎರಡು ಎಕರೆ ಪೂರ್ತಿ ಮಳೆ ಆಶ್ರಯ, ಕೆಂಪು ಮಸಾರಿ. ಸುಮಾರು ವರ್ಷದಿಂದ ಮೆಕ್ಕೆಜೋಳ ಬಿಟ್ಟು ಬೇರೆ ಹಾಕಿಲ್ಲ, ಬೀಜ ಗೊಬ್ಬರ ಔಷಧಿ ಅಂಗಡಿ ಬಾಕಿ ತೀರಿಸೋದ್ರಲ್ಲೇ ಮಾಲಿನ ದುಡ್ಡು ಮುಗಿದು ಹೋಗುತ್ತೆ, ಅಕ್ಕಿ ಬೇಳೆ ಹಾಲು ತರಕಾರಿ ಎಲ್ಲಾ ಅಂಗಡಿಯಿಂದಾನೇ ಬರೋದು. ನಾನು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದೀನಿ, ವಾಪಸ್ ಹೋಗೋ ಯೋಚನೆ ಇಲ್ಲ. ಮನೇಲಿ ಅಪ್ಪ, ಅವ್ವ, ನಾನು, ನಮ್ಮನೆಯವಳು, ಒಂದು ಮಗು.

ತಲೇಲಿರೋದು ಇಷ್ಟು: ಎರಡು ಎಚ್‌ಎಫ್ ಹಸು (ಹೋಲ್‌ಸ್ಟೀನ್ ಫ್ರೀಸಿಯನ್, ಸೀಮೆ ಹಸು), ಶೆಡ್ ಹಾಕ್ಸಿ 20 ಕುರಿ, ಒಂದಷ್ಟು ನಾಟಿ ಕೋಳಿ, ಮನೆಗೆ ಬೇಕಾದ ರಾಗಿ, ತೊಗರಿ, ತರಕಾರಿ ಹೊಲದಲ್ಲೇ ಬೆಳ್ಕೊಳ್ಳೋದು. ಆದ್ರೆ ಊರಲ್ಲಿ ಯಾರನ್ನ ಕೇಳಿದ್ರೂ ಅಡಿಕೆ ಹಾಕು ಅಂತಾರೆ. ಶೆಡ್ಡಿಗೆ ಸಾಲ ಮಾಡ್ಬೇಕಾಗುತ್ತೆ. ಮೊದಲು ಏನು ಮಾಡ್ಬೇಕು, ಏನು ಬಿಡ್ಬೇಕು, ಮಾಡಿ ನೋಡಿರೋರು ಹೇಳಿ.

ಚನ್ನಗಿರಿ_ತೋಟ:
ತಮ್ಮಾ, ನಾನು ಅಡಿಕೆ ಬೆಳೆಯೋನೇ, ಅದ್ಕೇ ಹೇಳ್ತೀನಿ, ಆ ನೀರಿಗೆ ಅಡಿಕೆ ಬೇಡ. ನಮ್ಮ ಕಡೆ ಭದ್ರಾ ನಾಲೆ ಐತೆ, ಸೂಳೆಕೆರೆ ಐತೆ, ಆದ್ರೂ 2024ರ ಬೇಸಿಗೇಲಿ ಟ್ಯಾಂಕರ್ ನೀರು ಹೊಡ್ಸಿ ತೋಟ ಉಳಿಸ್ಕೊಂಡೋರು ಎಷ್ಟೋ ಜನ. ಎಕರೆಗೆ 500ರ ಮೇಲೆ ಗಿಡ ಕೂರುತ್ತೆ, ಬೇಸಿಗೇಲಿ ಡ್ರಿಪ್ಪಲ್ಲಿ ಗಿಡಕ್ಕೆ ದಿನಕ್ಕೆ 16ರಿಂದ 20 ಲೀಟರ್ ಹಿಡಿದ್ರೂ ದಿನಾ 8ರಿಂದ 10 ಸಾವಿರ ಲೀಟರ್ ಆಯ್ತು. ಕರೆಂಟ್ ಇದ್ದಷ್ಟು ಹೊತ್ತು ನಿನ್ನ ಒಂದು ಇಂಚು ಅಷ್ಟನ್ನ ಕೊಡುತ್ತೆ ಅಂತಾನೇ ಇಟ್ಕೋ, ದನಕ್ಕೆ, ಮೇವಿಗೆ, ತರಕಾರಿಗೆ ಎಲ್ಲಿಂದ ತರ್ತೀಯ? ಫಸಲು ಕೈಗೆ ಬರೋಕೆ 5-6 ವರ್ಷ, ಅಲ್ಲೀವರೆಗೂ ಬೋರು ಇದ್ದೇ ಇರುತ್ತೆ ಅಂತ ಯಾರು ಬರ್ಕೊಡ್ತಾರೆ. ರೇಟ್ ನೋಡಿ ಗಿಡ ಇಟ್ಟು ಬೋರ್ ಮೇಲೆ ಬೋರ್ ಕೊರೆಸಿದೋರ ಹೊಲ ಹೊಳಲ್ಕೆರೆ ಹೊಸದುರ್ಗದ ಕಡೆ ಒಂದ್ಸಲ ಹೋಗಿ ನೋಡ್ಕೊಂಡು ಬಾ, ಆಮೇಲೆ ತೀರ್ಮಾನ ಮಾಡು.

ಹಟ್ಟಿ_ಕುರಿ_ಚಳ್ಳಕೆರೆ:
ಕುರಿ ವಿಚಾರ ನಾನು ಹೇಳ್ತೀನಿ ಅಣ್ಣ. ನಮ್ಮದು ತಾತನ ಕಾಲದಿಂದ ಕುರಿ ಸಾಕೋ ಮನೆ. ಶೆಡ್ಡಿಗೆ ಸಾಲ ಮಾಡೋ ಮಾತು ಮೊದಲು ಬಿಟ್ಬಿಡಿ. ಕುರಿಗೆ ಬೇಕಾಗಿರೋದು ಒಣಗಿರೋ ನೆಲ, ಮಳೆ ತಡೆಯೋಷ್ಟು ಸೂರು, ತೋಳ ನಾಯಿ ನುಗ್ಗದಂಗೆ ಬೇಲಿ. ನಮ್ಮ ರೊಪ್ಪ ಇವತ್ತಿಗೂ ಜಾಲಿಮುಳ್ಳಿನ ಬೇಲೀನೇ, ಒಂದು ಮೂಲೇಲಿ ಮಾತ್ರ ಶೀಟ್ ಹಾಕಿ ಎಳೆಮರಿಗೆ ಬೆಚ್ಚಗೆ ಜಾಗ ಮಾಡಿದೀವಿ. ಸಾಲದ ಕಂತು ತಿಂಗಳು ತಿಂಗಳು ಬರುತ್ತೆ, ಮರಿ ಮಾರೋ ದುಡ್ಡು ವರ್ಷಕ್ಕೆ ಒಂದ್ಸಲ ಎರಡ್ಸಲ ಬರೋದು, ಇವೆರಡೂ ಹೊಂದಲ್ಲ.

20 ಕುರಿ ಕಟ್ಟಿ ಮೇಯಿಸ್ತೀನಿ ಅಂದ್ರೆ ಒಂದಕ್ಕೆ ದಿನಕ್ಕೆ ಮೂರೂವರೆ ನಾಲ್ಕು ಕೆ.ಜಿ. ಹಸಿ ಮೇವು ಅಂದ್ರೂ 70-80 ಕೆ.ಜಿ. ಆಯ್ತು, ಅದರ ಮೇಲೆ ಒಣ ಮೇವು, ಅದರ ಮೇಲೆ ಹಿಂಡಿ. ನಿಮ್ಮ ಒಂದು ಎಕರೆ ನೀರಾವರಿ ಹಸುಗೂ ಕುರಿಗೂ ಎರಡಕ್ಕೂ ಸಾಲಲ್ಲ. 5-6 ತಾಯಿಕುರಿ ತಗೊಳ್ಳಿ ಸಾಕು. ಗಬ್ಬ 5 ತಿಂಗಳು, ಚೆನ್ನಾಗಿ ನೋಡ್ಕೊಂಡ್ರೆ ಎರಡು ವರ್ಷದಲ್ಲಿ ಮೂರು ಸೂಲು ಬರುತ್ತೆ, ನೋಡ್ತಾ ನೋಡ್ತಾ ಮಂದೆ ಬೆಳೆಯುತ್ತೆ, ನಿಮ್ಮ ಕೈನೂ ಪಳಗುತ್ತೆ. ತಳಿ ವಿಚಾರಕ್ಕೆ ಬಂದ್ರೆ ನಮ್ಮ ಬಳ್ಳಾರಿ ಕುರೀನೇ ಇಲ್ಲಿಗೆ ಸರಿ, ಬಿಸಿಲು ತಡೆಯುತ್ತೆ, ಒಣಹುಲ್ಲು ತಿಂದು ಬದುಕುತ್ತೆ. ಬಂಡೂರು ಮಾಂಸ ರುಚಿ ನಿಜ, ಅದು ಮಂಡ್ಯ ಕಡೆ ಹುಲ್ಲಿಗೆ ಒಗ್ಗಿದ್ದು. ನಾರಿ ಸುವರ್ಣ ಅವಳಿ ಹಾಕುತ್ತೆ ಅಂತ ಎಲ್ಲರೂ ಓಡ್ತಾರೆ, ತಾಯಿಗೆ ಮೇವು ಸರಿ ಇಲ್ಲದಿದ್ರೆ ಎರಡು ಮರಿಗೆ ಹಾಲು ಎಲ್ಲಿಂದ ಬರ್ಬೇಕು, ಎರಡೂ ಸೊರಗ್ತವೆ.

ಕೊಳ್ಳೋವಾಗ ಸಂತೇಲಿ ಕೊಳ್ಬೇಡಿ, ಗೊತ್ತಿರೋ ಹಟ್ಟೀಲಿ ಮಂದೆ ಒಳಗೆ ಹೋಗಿ ಆರಿಸ್ಕೊಳ್ಳಿ. ಹಲ್ಲು ನೋಡಿ, ಎರಡು ಹಲ್ಲು ನಾಲ್ಕು ಹಲ್ಲಿಂದಾದ್ರೆ ಮುಂದೆ ಸುಮಾರು ಸೂಲು ಸಿಗುತ್ತೆ. ಸೊಂಟದ ಹತ್ರ ಬೆನ್ನುಮೂಳೆ ಮೇಲೆ ಕೈಯಾಡಿಸಿ, ಮೂಳೆ ಚೂಪಗೆ ಸಿಕ್ಕಿದ್ರೆ ಸೊರಗಿದೆ ಅಂತ. ಕಣ್ಣಿನ ಕೆಳರೆಪ್ಪೆ ಎಳೆದು ಒಳಗೆ ನೋಡಿ, ಕೆಂಪಗಿದ್ರೆ ಒಳ್ಳೇದು, ಬಿಳಿಚಿಕೊಂಡು ಕಾಗದದಂಗಿದ್ರೆ ಹೊಟ್ಟೇಲಿ ಹುಳ ರಕ್ತ ಕುಡೀತಾ ಅದಾವೆ. ಇದಕ್ಕೆ ಯಾವ ಮಷೀನೂ ಬೇಡ, ನಮ್ಮಪ್ಪ ಇವತ್ತಿಗೂ ಹದಿನೈದು ದಿನಕ್ಕೊಂದ್ಸಲ ರೊಪ್ಪದ ಬಾಗಿಲಲ್ಲಿ ನಿಂತು ಒಂದೊಂದನ್ನೇ ಹಿಡಿದು ರೆಪ್ಪೆ ನೋಡೇ ಬಿಡೋದು.

ದಾವಣಗೆರೆ_ಶೆಡ್_ಕುರಿ:
ಮೇಲಿನ ಅಣ್ಣ ಹೇಳಿದ್ದು ಮೇಯಿಸೋ ಜಾಗ ಇರೋರಿಗೆ ಸರಿ. ಎಲ್ಲಾ ಕಡೆ ಗೋಮಾಳ ಎಲ್ಲಿ ಉಳಿದಿದೆ? ನಾನು ದಾವಣಗೆರೆ ಪಕ್ಕ ಶೆಡ್ಡಲ್ಲೇ ಸಾಕ್ತಿರೋದು, ನಡೀತಿದೆ. ಆದ್ರೆ ನಾನು ತಾಯಿಕುರಿ ಇಟ್ಟಿಲ್ಲ, 3 ತಿಂಗಳ ಗಂಡು ಮರಿ ತಂದು ನಾಲ್ಕೈದು ತಿಂಗಳು ಮೇಯಿಸಿ ಬಕ್ರೀದ್‌ಗೆ ಇಲ್ಲಾ ಯುಗಾದಿ ವರ್ಷತೊಡಕಿಗೆ ಮಾರ್ತೀನಿ, ಶೆಡ್ಡು ಉಳಿದ ತಿಂಗಳು ಖಾಲಿ ಇದ್ರೂ ಪರವಾಗಿಲ್ಲ. ಮೇವು ಎಲ್ಲಾ ನನ್ನ ನಾಲೆ ನೀರಿನ ಜಮೀನಲ್ಲೇ ಬರುತ್ತೆ. ಮೇವು ಕೊಂಡು ತಂದು ಶೆಡ್ಡಲ್ಲಿ ಕುರಿ ಸಾಕ್ತೀನಿ ಅನ್ನೋರಿಗೆ ನಾನೂ ಬೇಡ ಅಂತಾನೇ ಹೇಳೋದು. ಇನ್ನೊಂದು, ತೂಗುತಕ್ಕಡಿ ಒಂದು ತಗೊಳ್ಳಿ, ವ್ಯಾಪಾರಸ್ಥರು ಕೈಯಲ್ಲಿ ಎತ್ತಿ ಕಣ್ಣಂದಾಜಲ್ಲಿ ರೇಟ್ ಹೇಳ್ತಾರೆ, ತೂಕ ನಮಗೆ ಗೊತ್ತಿದ್ರೆ ಮಾತಿಗೆ ಬಲ ಬರುತ್ತೆ.

ಹಟ್ಟಿ_ಕುರಿ_ಚಳ್ಳಕೆರೆ:
ಶೆಡ್ ಅಣ್ಣನ ಮಾತು ಒಪ್ತೀನಿ, ನಾಲೆ ನೀರು ಇರೋರ ಲೆಕ್ಕ ಬೇರೆ. ಮೇಯೋ ಜಾಗ ಹೋಗಿರೋದೂ ಸತ್ಯ. ನಮ್ಮ ಕಡೆ ಅಮೃತಮಹಲ್ ಕಾವಲು ಅಂದ್ರೆ ಸಾವಿರಾರು ಎಕರೆ ಹುಲ್ಲು, ಅದಕ್ಕೆ ಬೇಲಿ ಬಿದ್ದ ಮೇಲೆ ಮಂದೆ ಹೊಡ್ಕೊಂಡು ದೂರ ದೂರ ಹೋಗ್ಬೇಕಾಗಿದೆ, ಎಷ್ಟೋ ಮನೆ ಕುರಿ ಮಾರಿ ಕೂಲಿಗೆ ಇಳಿದ್ವು. ಹೇಳ್ತಾ ಹೋದ್ರೆ ಹೊಟ್ಟೆ ಉರಿಯುತ್ತೆ.

ಜಗಳೂರಣ್ಣಂಗೆ ಇನ್ನೊಂದು ಮಾತು. ನಿಮ್ಮ ಹತ್ರ ಕುರಿ ಎಷ್ಟೇ ಇರ್ಲಿ, ಬೇಸಿಗೇಲಿ ಹೊಲ ಖಾಲಿ ಇದ್ದಾಗ ದೊಡ್ಡ ಮಂದೆಯವರನ್ನ ಕರೆದು ಎರಡು ಎಕರೇಲಿ ಕುರಿ ತರುಬಿಸಿ. ರಾತ್ರಿ ಮಂದೆ ಒಂದು ಕಡೆ ಮಲಗುತ್ತೆ, ಮಾರನೇ ರಾತ್ರಿ ಪಕ್ಕಕ್ಕೆ ಸರಿಯುತ್ತೆ, ಹಿಕ್ಕೆ ಗಂಜಲ ಎರಡೂ ನೆಲಕ್ಕೆ. ಮೊದಲ ಮಳೆಗೇ ಉತ್ತು ಮಣ್ಣಿಗೆ ಸೇರಿಸ್ಬಿಡಿ, ಬಿಸಿಲಿಗೆ ಬಿಟ್ರೆ ಸತ್ವ ಹಾರಿ ಹೋಗುತ್ತೆ. ಮೆಕ್ಕೆಜೋಳ ಹೀರಿ ಹೀರಿ ಬಡವಾಗಿರೋ ಮಸಾರಿಗೆ ಅದಕ್ಕಿಂತ ಒಳ್ಳೆ ಗೊಬ್ಬರ ಇಲ್ಲ.

ಹೊಸದುರ್ಗ_ಸಾವೆ:
ಎಲ್ಲರೂ ಪ್ರಾಣಿಯಿಂದ ಶುರು ಮಾಡ್ತಿದೀರಿ, ನಾನು ಮೇವಿಂದ ಶುರು ಮಾಡ್ತೀನಿ. ಹೊಲ ಎಷ್ಟು ಬಾಯಿಗೆ ಮೇವು ಕೊಡುತ್ತೋ ಅಷ್ಟೇ ಬಾಯಿ ಕೊಟ್ಟಿಗೇಲಿ ಇರ್ಬೇಕು. ಈ ಲೆಕ್ಕ ಮಾಡ್ದೆ ಹಸು ತಂದು, ಮಾರ್ಚ್ ತಿಂಗಳಲ್ಲಿ ಹುಲ್ಲಿಗೆ ಅಲೆದು, ಜೂನಲ್ಲಿ ಹಸು ಮಾರಿದೋರನ್ನ ತುಂಬಾ ನೋಡಿದೀನಿ.

ಲೆಕ್ಕ ಇಷ್ಟೇ. ಒಂದು ಹಸುಗೆ ದಿನಕ್ಕೆ 5 ಕೆ.ಜಿ. ಒಣ ಹುಲ್ಲು ಅಂದ್ರೂ ವರ್ಷಕ್ಕೆ ಒಂದು ಮುಕ್ಕಾಲು ಎರಡು ಟನ್ ಹತ್ರ. ಮಳೆ ಆಶ್ರಯದ ರಾಗಿ ಎಕರೆಗೆ 8 ಕ್ವಿಂಟಾಲ್ ಬಂದ್ರೆ ಅದರ ಎರಡರಷ್ಟು ಹುಲ್ಲು ಬರುತ್ತೆ, ಅಂದ್ರೆ ಒಂದೂವರೆ ಟನ್ ಚಿಲ್ಲರೆ. ಒಂದು ಎಕರೆ ರಾಗಿ ಹತ್ರ ಹತ್ರ ಒಂದು ಹಸುವಿನ ವರ್ಷದ ಬಣವೆ. ಅದೇ ಎಕರೆಯ ಕಾಳು ನಿಮ್ಮ ಐದು ಜನದ ಮನೆಗೆ ವರ್ಷ ಪೂರ್ತಿ ಮುದ್ದೆಗೆ ಆಗಿ ಮಿಗುತ್ತೆ. ಮೆಕ್ಕೆಜೋಳದಲ್ಲಿ ಈ ಲಾಭ ಇಲ್ಲ, ಕಾಳು ಮಂಡಿಗೆ ಹೋಗುತ್ತೆ, ಒಣಗಿದ ದಂಟು ದನ ಮೂಸಿ ಬಿಡುತ್ತೆ.

ಹಂಗಾಗಿ ಎರಡು ಎಕರೆ ಒಣ ಭೂಮೀಲಿ ಒಂದು ಎಕರೆ ರಾಗಿ, ಅಕ್ಕಡಿ ಸಾಲಲ್ಲಿ ಅವರೆ ತೊಗರಿ, ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಬರೋ ಹಂಗೆ ಕೂರಿಗೇಲೇ ಬಿತ್ತಿ, ಅಂಚಿಗೆ ಹುಚ್ಚೆಳ್ಳು. ಇನ್ನೊಂದು ಎಕರೇಲಿ ಅರ್ಧ ಶೇಂಗಾ, ಅರ್ಧ ಸಾವೆ ಇಲ್ಲಾ ನವಣೆ. ಶೇಂಗಾ ಹೊಟ್ಟು ಕುರಿಗೆ ಬೆಲ್ಲ ಇದ್ದಂಗೆ, ಆದ್ರೆ ಮಳೇಲಿ ನೆನೆದು ಬೂಷ್ಟು ಹಿಡಿದಿದ್ರೆ ಹಾಕ್ಬೇಡಿ. ಸಾವೆ 90 ದಿನದ ಬೆಳೆ, ಮುಂಗಾರು ತಡವಾಗಿ ಜುಲೈಗೆ ಹೋದ್ರೂ ಕೈ ಬಿಡಲ್ಲ. ಮಳೆ ಇನ್ನೂ ಕೈ ಕೊಟ್ರೆ ಸೆಪ್ಟೆಂಬರಲ್ಲಿ ಹುರುಳಿ ಚೆಲ್ಲಿ, ಕಾಳು ಆಗದಿದ್ರೂ ಬಳ್ಳಿ ಮೇವಾಗುತ್ತೆ. ಸಾವೆದು ಒಂದೇ ತಾಪತ್ರಯ, ಸಿಪ್ಪೆ ತೆಗೆಸೋದು, ಎಲ್ಲಾ ಗಿರಣೀಲೂ ಆಗಲ್ಲ, ಮೊದಲೇ ವಿಚಾರಿಸಿ ಇಟ್ಕೊಳ್ಳಿ. ರೈತ ಸಿರಿ ಯೋಜನೇಲಿ ಸಿರಿಧಾನ್ಯಕ್ಕೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಟ್ಟಿದ್ದಾರೆ, ಈ ವರ್ಷದ್ದು ಹೆಂಗೆ ಅಂತ ನಿಮ್ಮ ಹೋಬಳಿ ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆಗೆ ಮುಂಚೆ ಕೇಳಿ.

ಜಗಳೂರು_ಮಸಾರಿ:
ಈ ಬಣವೆ ಲೆಕ್ಕ ಯಾರೂ ಹೇಳಿರ್ಲಿಲ್ಲ ಅಣ್ಣ, ಅಪ್ಪಂಗೆ ಓದಿ ಹೇಳ್ದೆ, ಹಳೇ ಕಾಲದಲ್ಲಿ ಹಿಂಗೇ ಮಾಡ್ತಿದ್ವಿ ಕಣೋ ಅಂದ್ರು. ಹಸಿ ಮೇವಿಗೆ ಎಷ್ಟು ಜಾಗ ಬಿಡ್ಬೇಕು? ಎರಡು ಎಚ್‌ಎಫ್‌ಗೆ ಆ ಒಂದು ಎಕರೆ ಸಾಕಾಗುತ್ತಾ?

ಕೊಟ್ಟಿಗೆ_ಅಕ್ಕ_ಹರಿಹರ:
ತಮ್ಮಾ, ಮೇವಿಗಿಂತ ಮುಂಚೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಹಾಲು ಕರೆಯೋರು ಯಾರು? ನೀನು ಬರೆದಿದ್ರಲ್ಲಿ ಹಸು, ಕುರಿ, ಕೋಳಿ, ತರಕಾರಿ ಎಲ್ಲಾ ಐತೆ, ಯಾರು ಏನು ಮಾಡ್ತಾರೆ ಅಂತ ಎಲ್ಲೂ ಇಲ್ಲ. ನಾನು ಮದುವೆಯಾಗಿ ಬಂದಾಗಿಂದ ಕೊಟ್ಟಿಗೆ ಕೆಲಸ ಮಾಡ್ತಾ ಬಂದೀನಿ. ಬೆಳಿಗ್ಗೆ 5ಕ್ಕೆ ಎದ್ದು ಸಗಣಿ ಬಾಚಿ, ಕೆಚ್ಚಲು ತೊಳೆದು, ಕರೆದು, 6 ಗಂಟೆಗೆ ಡೇರಿಗೆ ಹಾಕಿ, ಬಂದು ಮನೆ ಅಡುಗೆ, ಮಕ್ಕಳ ಸ್ಕೂಲು, ಮತ್ತೆ ಸಂಜೆ 5ಕ್ಕೆ ಅದೇ. ಹಬ್ಬ ಇಲ್ಲ ಮದುವೆ ಇಲ್ಲ, ತವರಿಗೆ ಹೋದ್ರೆ ಒಂದು ರಾತ್ರಿ ನಿಲ್ಲೋಕಾಗಲ್ಲ. ನನಗೆ ದನ ಅಂದ್ರೆ ಪ್ರಾಣ, ಅದಕ್ಕೇ ಮಾಡ್ತೀನಿ. ಆದ್ರೆ ನಿನ್ನ ಹೆಂಡ್ತೀನ, ನಿಮ್ಮವ್ವನ್ನ ಕೂರಿಸಿ ಕೇಳಿದೀಯಾ? ಕೇಳಿ ಆಮೇಲೆ ಎಷ್ಟು ಹಸು ಅಂತ ತೀರ್ಮಾನ ಮಾಡು. ಹಸು ತಂದ್ರೆ ಡೇರಿ ಪಾಸ್‌ಬುಕ್ಕು, ಬ್ಯಾಂಕ್ ಖಾತೆ ಕರೆಯೋ ಕೈಯವರ ಹೆಸರಲ್ಲೇ ಇರ್ಲಿ.

ಎಚ್‌ಎಫ್ ಬಗ್ಗೆ: ಜಗಳೂರು ಬಿಸಿಲಿಗೆ ಪೂರಾ ಎಚ್‌ಎಫ್ ಏಪ್ರಿಲಲ್ಲಿ ಬಾಯಿ ತೆಗೆದು ಏದುಸಿರು ಬಿಡುತ್ತೆ, ಹಾಲು ಇಳಿಯುತ್ತೆ, ಬೆದೆಗೆ ಬರೋದು ತಪ್ಪುತ್ತೆ. ಜೆರ್ಸಿ ಕ್ರಾಸ್ ಚಿಕ್ಕ ಮೈಯಿದು ತಗೋ, ಮೇವು ಕಮ್ಮಿ, ಫ್ಯಾಟ್ ಚೆನ್ನಾಗಿ ಬರುತ್ತೆ. ಡೇರೀಲಿ ಹಸುವಿನ ಹಾಲಿಗೆ 3.5 ಫ್ಯಾಟ್, 8.5 ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಗಟ್ಟಿ ಅಂಶ) ಲೆಕ್ಕ, ಬರೀ ನೀರು ಮೇವು ಹಾಕಿ ಹಾಲು ಜಾಸ್ತಿ ಮಾಡಿದ್ರೆ ಎಸ್‌ಎನ್‌ಎಫ್ ಬಿದ್ದು ರೇಟ್ ಕಟ್ ಆಗುತ್ತೆ. ಹಿಂಡಿ ಬೂಸ ಮೈಗೆ ಅಂತ ಒಂದೂವರೆ ಕೆ.ಜಿ., ಆಮೇಲೆ ಲೀಟರಿಗೆ 400 ಗ್ರಾಂ ಲೆಕ್ಕ. 10 ಲೀಟರ್ ಕೊಟ್ರೆ ಐದೂವರೆ ಕೆ.ಜಿ. ಆಯ್ತು, ಹಿಂಡಿ ಚೀಲದ ರೇಟಿಗೆ ಗುಣಿಸಿ ನೋಡು. ಎರಡು ಹಸು ತಗೊಳ್ಳೋದಾದ್ರೆ ಒಟ್ಟಿಗೆ ತರ್ಬೇಡ, ಒಂದು ಕರು ಹಾಕಿ 6 ತಿಂಗಳಾದ ಮೇಲೆ ಇನ್ನೊಂದು ಕರು ಹಾಕೋ ಹಂಗೆ ನೋಡ್ಕೋ, ಆಗ ಒಂದು ಬತ್ತಿಸಿದಾಗ ಇನ್ನೊಂದು ಕರೀತಿರುತ್ತೆ. ಕರು ಹಾಕೋಕೆ 2 ತಿಂಗಳು ಮುಂಚೆ ಹಾಲು ಬತ್ತಿಸ್ಲೇಬೇಕು, ದುಡ್ಡಿನ ಆಸೆಗೆ ಕರೀತಾ ಹೋದ್ರೆ ಮುಂದಿನ ಸೂಲು ಹಾಳು.

ಹಿರಿಯೂರು_ಒಣಹೊಲ:
ಅಕ್ಕ ಹೇಳಿದ್ದು ನೂರಕ್ಕೆ ನೂರು.

ಹಸಿ ಮೇವಿನ ಲೆಕ್ಕ: ಸಿಒ-4, ಸಿಒ-5 ನೇಪಿಯರ್ ಹುಲ್ಲು ನೀರು ಗೊಬ್ಬರ ಧಾರಾಳ ಇದ್ರೆ ಎಕರೆಗೆ ವರ್ಷಕ್ಕೆ 100 ಟನ್ ದಾಟುತ್ತೆ. ನಿಮ್ಮ ನೀರಿಗೆ ಅದರ ಅರ್ಧ ಹಿಡೀರಿ, 50 ಟನ್. ಗುಂಟೆಗೆ ಒಂದೂಕಾಲು ಟನ್ ಆಯ್ತು. ಹಸುಗೆ ದಿನಾ 20 ಕೆ.ಜಿ. ಅಂದ್ರೆ ವರ್ಷಕ್ಕೆ ಏಳು ಟನ್ ಚಿಲ್ಲರೆ, ಅಂದ್ರೆ ಒಂದು ಹಸುಗೆ 6 ಗುಂಟೆ. ಮೊದಲ ಕೊಯ್ಲು 75-80 ದಿನಕ್ಕೆ, ಆಮೇಲೆ 45 ದಿನಕ್ಕೊಂದು. ಬರೀ ನೇಪಿಯರ್ ಹಾಕಿದ್ರೆ ಸಾಲಲ್ಲ, ಬದು ಮೇಲೆ ಅಗಸೆ ಮರ, ಸುಬಾಬುಲ್, ಗ್ಲಿರಿಸಿಡಿಯಾ ಹಾಕಿ, ಎರಡು ಗುಂಟೇಲಿ ಬೇಲಿ ಮೆಂತೆ. ಸೊಪ್ಪಿನ ಮೇವು ಇದ್ದಷ್ಟು ಹಿಂಡಿ ಖರ್ಚು ಇಳಿಯುತ್ತೆ. ಕುರಿಗಂತೂ ಸುಬಾಬುಲ್ ಒಂದನ್ನೇ ಹೊಟ್ಟೆ ತುಂಬಾ ಹಾಕ್ಬೇಡಿ, ಕೂದಲು ಉದುರುತ್ತೆ, ಬೇರೆ ಮೇವಿನ ಜೊತೆ ಕಾಲು ಭಾಗ ಸಾಕು.

ಈಗ ಬರದ ವಿಚಾರ. ನಮ್ಮ ಮಾರಿಕಣಿವೆ ಡ್ಯಾಂ (ವಾಣಿವಿಲಾಸ ಸಾಗರ) ಕಟ್ಟಿದ್ದು 1907ಕ್ಕೆ ಮುಗೀತು, 1933ರಲ್ಲಿ ಒಂದ್ಸಲ ಕೋಡಿ ಬಿತ್ತು, ಆಮೇಲೆ ಕೋಡಿ ಬಿದ್ದಿದ್ದು 2022ರಲ್ಲಿ. ಆ ವರ್ಷ ಎಲ್ಲರೂ ದನ ಕುರಿ ಜಾಸ್ತಿ ಮಾಡ್ಕೊಂಡ್ರು, ಮರುವರ್ಷ 2023 ಬರ, ರಾಜ್ಯದಲ್ಲಿ 200ಕ್ಕೂ ಮೇಲೆ ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಯ್ತು, ಮೇವಿನ ಟ್ರ್ಯಾಕ್ಟರ್ ರೇಟ್ ಕೇಳಿದ್ರೆ ಎದೆ ಒಡೆಯೋದು. ಅದ್ಕೇ ಒಳ್ಳೆ ಮಳೆ ವರ್ಷದ ಹುಲ್ಲು ಮಾರ್ಬೇಡಿ. ಇವತ್ತಿನ ಬಣವೆ ಮುಂದಿನ ವರ್ಷಕ್ಕೂ ಅರ್ಧ ಉಳೀಬೇಕು ಅನ್ನೋ ಲೆಕ್ಕದಲ್ಲೇ ದನ ಇಟ್ಕೊಳ್ಳಿ.

ಇನ್ನೊಂದು ದಾರಿ ರಸಮೇವು. ನೀರಾವರೀಲಿ 10 ಗುಂಟೆ ಮೆಕ್ಕೆಜೋಳ ಹಾಕಿ, ತೆನೆ ಹಾಲು ತುಂಬಿ ಗಟ್ಟಿಯಾಗೋ ಹೊತ್ತಿಗೆ ದಂಟು ಸಮೇತ ಕೊಯ್ದು, ಒಂದು ಇಂಚಿಗೆ ಕತ್ತರಿಸಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಳಿದು ತುಳಿದು ತುಂಬಿ, ಗಾಳಿ ಒಂಚೂರೂ ಇರದಂಗೆ ಕಟ್ಟಿ 45 ದಿನ ಬಿಡಿ. ತೆಗೆದಾಗ ಹುಳಿ ಹಣ್ಣಿನ ವಾಸನೆ ಬಂದು ಹಳದಿ ಹಸಿರು ಬಣ್ಣ ಇದ್ರೆ ಚೆನ್ನಾಗಿದೆ ಅಂತ, ಕಪ್ಪಗಾಗಿ ಕೊಳೆತ ನಾತ ಬಂದ್ರೆ ತಿಪ್ಪೆಗೆ ಹಾಕಿ, ದನಕ್ಕೆ ಬೇಡ. ಇಲಿ ಚೀಲ ಕಡಿಯದಂಗೆ ನೋಡ್ಕೊಳ್ಳೋದೇ ದೊಡ್ಡ ಕೆಲಸ. ಮೆಕ್ಕೆಜೋಳ ಬೆಳೆದು ಅಭ್ಯಾಸ ಇರೋ ನಿಮ್ಮಪ್ಪಂಗೆ ಇದು ಸುಲಭ.

ದನದ_ಡಾಕ್ಟ್ರು_ನಿವೃತ್ತ:
ಚರ್ಚೆ ಓದಿ ಸಂತೋಷ ಆಯ್ತು. ದಾವಣಗೆರೆ ಚಿತ್ರದುರ್ಗ ಎರಡೂ ಕಡೆ ಕೆಲಸ ಮಾಡಿದವನು, ಕಣ್ಣಾರೆ ಕಂಡ ಸಾವುಗಳ ಬಗ್ಗೆ ಮಾತ್ರ ಬರೀತೀನಿ, ಯಾಕಂದ್ರೆ ಬಹಳಷ್ಟು ತಪ್ಪಿಸಬಹುದಾದ ಸಾವು.

ಮೊದಲ ಮಳೆ ಬಿದ್ದು ಹುಲ್ಲು ಚಿಗುರಿದಾಗ ರಾತ್ರಿ ಚೆನ್ನಾಗಿದ್ದ ಕುರಿ ಬೆಳಿಗ್ಗೆ ಹೊಟ್ಟೆ ಉಬ್ಬಿ ಸತ್ತಿರುತ್ತೆ, ಅದೂ ಮಂದೆಯಲ್ಲಿ ದಷ್ಟಪುಷ್ಟವಾಗಿರೋದೇ ಮೊದಲು ಹೋಗೋದು. ಅದು ಕರುಳುಬೇನೆ. ಮೇ ತಿಂಗಳಲ್ಲೇ ಇಟಿ ಲಸಿಕೆ ಹಾಕ್ಸಿ, ಮೊದಲ ಸಲ ಹಾಕ್ಸೋ ಕುರಿಗೆ ಎರಡು ಮೂರು ವಾರ ಬಿಟ್ಟು ಇನ್ನೊಂದು ಡೋಸ್ ಬೇಕು. ಪಿಪಿಆರ್ (ಕುರಿ ಮೇಕೆ ಹಿರಿಬೇನೆ) ಲಸಿಕೆ ಒಮ್ಮೆ ಹಾಕಿದ್ರೆ ಸುಮಾರು 3 ವರ್ಷ ರಕ್ಷಣೆ. ನೀಲಿ ನಾಲಿಗೆ ಮಳೆಗಾಲದ ಕೊನೆಗೆ ಸಣ್ಣ ನೊಣದಿಂದ ಹರಡುತ್ತೆ, ಸಂಜೆ ರೊಪ್ಪದ ಹತ್ರ ಬೇವಿನ ಸೊಪ್ಪಿನ ಹೊಗೆ ಹಾಕೋ ಹಳೇ ಪದ್ಧತಿ ಬಿಡಬೇಡಿ. ಹಸುಗೆ ಕಾಲುಬಾಯಿ ಲಸಿಕೆ 6 ತಿಂಗಳಿಗೊಮ್ಮೆ, ಇಲಾಖೆಯವರೇ ಬಂದು ಉಚಿತವಾಗಿ ಹಾಕ್ತಾರೆ, ಹಾಲು ಕಮ್ಮಿ ಆಗುತ್ತೆ ಅಂತ ದನ ಬಚ್ಚಿಡೋರು ಇದ್ದಾರೆ, ದಯವಿಟ್ಟು ಹಂಗೆ ಮಾಡಬೇಡಿ. ಗಳಲೆ, ಚಪ್ಪೆ ಬೇನೆ ಲಸಿಕೆ ಮುಂಗಾರಿಗೆ ಮುಂಚೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಎಷ್ಟು ಹಸು ಹೋದವು ಅಂತ ನಿಮಗೆಲ್ಲ ನೆನಪಿದೆ.

ಎಳೆ ಜೋಳದ ವಿಷ. ಹೂ ಬಿಡೋಕೆ ಮುಂಚಿನ ಜೋಳ, ಅದರಲ್ಲೂ ಮಳೆ ಇಲ್ಲದೆ ಬಾಡಿದ್ದು, ಕೊಯ್ದ ಮೇಲೆ ಬಂದ ಕೂಳೆ ಚಿಗುರು, ಇದನ್ನ ತಿಂದ ದನ ಅರ್ಧ ಗಂಟೇಲಿ ಬೀಳುತ್ತೆ. ಕೂಡಲೇ ಡಾಕ್ಟರ್ ಬಂದು ಇಂಜೆಕ್ಷನ್ ಕೊಟ್ರೆ ಉಳಿಯುತ್ತೆ, ಮನೆ ಮದ್ದು ಮಾಡ್ತಾ ಕೂತ್ರೆ ಉಳಿಯಲ್ಲ. 1962ಕ್ಕೆ ಫೋನ್ ಮಾಡಿದ್ರೆ ಪಶು ಸಂಜೀವಿನಿ ಗಾಡಿ ಬರುತ್ತೆ. ದಾವಣಗೆರೆ ಕಡೆ ಇನ್ನೊಂದು, ಕಣದಲ್ಲಿ ರಸ್ತೇಲಿ ಹರವಿದ ಮೆಕ್ಕೆಜೋಳಕ್ಕೆ ಕುರಿ ನುಗ್ಗಿ ಹೊಟ್ಟೆ ಬಿರಿಯ ತಿಂದು ಹುಳಿ ಹೊಟ್ಟೆಯಾಗಿ ಸಾಯೋದು, ಕಾಳು ತಿಂದಿದೆ ಅಂತ ಗೊತ್ತಾದ ಕೂಡಲೇ ಕರೆ ಮಾಡಿ, ಲಕ್ಷಣ ಬರಲಿ ಅಂತ ಕಾಯಬೇಡಿ.

ಹಸು ಕುರಿ ಕಂದು ಹಾಕಿದ್ರೆ (ಗರ್ಭಪಾತ ಆದ್ರೆ) ಸತ್ತೆ, ಅಂದ್ರೆ ಮಾಸು, ಬರಿಗೈಯಲ್ಲಿ ಮುಟ್ಟಬೇಡಿ, ಇದನ್ನ ವಿಶೇಷವಾಗಿ ಹೆಣ್ಣುಮಕ್ಕಳಿಗೆ ಹೇಳ್ತೀನಿ. ಬ್ರುಸೆಲ್ಲಾ ಮನುಷ್ಯರಿಗೆ ಬಂದ್ರೆ ತಿಂಗಳುಗಟ್ಟಲೆ ಜ್ವರ, ಕೀಲು ನೋವು. ಹೆಣ್ಣು ಕರುಗೆ 4ರಿಂದ 8 ತಿಂಗಳೊಳಗೆ ಒಂದೇ ಒಂದು ಲಸಿಕೆ, ಜೀವನ ಪೂರ್ತಿಗೆ ಸಾಕು. ಹಾಲು ಕಾಯಿಸದೆ ಕುಡಿಬೇಡಿ. ಕಿವಿ ಓಲೆ, ಅದೇ 12 ಅಂಕಿ ನಂಬರಿಂದು, ಹಾಕ್ಸಿ, ವಿಮೆಗೂ ಬೇಕು. ಕುರಿ ಸತ್ತರೆ ಹೂಳೋಕೆ ಮುಂಚೆ ಮರಣೋತ್ತರ ಪರೀಕ್ಷೆ ಮಾಡಿಸಿ, ಆ ವರದಿ ಇಲ್ಲದೆ ಅನುಗ್ರಹ ಯೋಜನೆ ಪರಿಹಾರ ಸಿಗಲ್ಲ.

ಜಗಳೂರು_ಮನೆಯವಳು:
ನಾನು ಇವರ ಹೆಂಡ್ತಿ, ಹೊಸದಾಗಿ ಐಡಿ ಮಾಡ್ಕೊಂಡು ಬರೀತಿದೀನಿ. ಹರಿಹರದ ಅಕ್ಕ ಕೇಳಿದ್ದಕ್ಕೆ ಥ್ಯಾಂಕ್ಸ್ ಅಕ್ಕ, ಅವತ್ತು ರಾತ್ರಿ ಮನೇಲಿ ಎಲ್ಲರೂ ಕೂತು ಮಾತಾಡಿದ್ವಿ. ನನ್ನ ತವರಲ್ಲಿ ಎಮ್ಮೆ ಇತ್ತು, ಕರೆಯೋಕೆ ಬರುತ್ತೆ. ಒಂದು ಹಸು ನಾನು ನೋಡ್ಕೋತೀನಿ, ಎರಡು ಈಗ ಆಗಲ್ಲ, ಮಗು ಚಿಕ್ಕದು. ಸಗಣಿ ಬಾಚೋದು, ಮೇವು ಕೊಯ್ಯೋದು, ಸಂಜೆ ಡೇರಿಗೆ ಹೋಗೋದು ಇವರದ್ದು ಅಂತ ಮಾತಾಗಿದೆ. ಅತ್ತೆ ಕೋಳಿ ನೋಡ್ಕೋತಾರಂತೆ. ನಾಟಿ ಕೋಳಿನಾ, ಗಿರಿರಾಜನಾ ಯಾವುದು ಒಳ್ಳೇದು?

ಕೊಟ್ಟಿಗೆ_ಅಕ್ಕ_ಹರಿಹರ:
ಅವ್ವಾ, ನೀನು ಬರೆದಿದ್ದು ನೋಡಿ ಖುಷಿಯಾಯ್ತು. ಗಿರಿರಾಜ ಹೆಬ್ಬಾಳದ ವಿಶ್ವವಿದ್ಯಾಲಯದಲ್ಲಿ ಮಾಡಿದ ತಳಿ, ಮೈ ಬೇಗ ಬರುತ್ತೆ, ಮೊಟ್ಟೆ ಜಾಸ್ತಿ, ಆದ್ರೆ ಕಾವು ಕೂರಲ್ಲ, ಮರಿ ಪ್ರತಿ ಸಲ ಕೊಂಡು ತರ್ಬೇಕು. ನಾಟಿ ಕೋಳಿ ವರ್ಷಕ್ಕೆ 50-60 ಮೊಟ್ಟೆ ಅಷ್ಟೇ, ಆದ್ರೆ ತಾನೇ ಕಾವು ಕೂತು 21 ದಿನಕ್ಕೆ ಮರಿ ಮಾಡುತ್ತೆ, ಹದ್ದು ಬಂದ್ರೆ ರೆಕ್ಕೆ ಕೆಳಗೆ ಮುಚ್ಕೊಳ್ಳುತ್ತೆ. ಅತ್ತೆಗೆ ನಾಟೀನೇ ಸರಿ, 6 ಹ್ಯಾಟೆ ಒಂದು ಹುಂಜ ಸಾಕು. ಕೊಕ್ಕರೆ ರೋಗಕ್ಕೆ ಮರಿಗಳಿಗೆ ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಹನಿ ಹಾಕ್ಸಿ, ಅದೊಂದು ಬಿಟ್ರೆ ಬೇಸಿಗೇಲಿ ಇಡೀ ಗುಂಪು ಹೋಗುತ್ತೆ. ತರಕಾರಿ ಪಾತಿಗೆ ಮಾತ್ರ ಹಳೇ ಮೀನು ಬಲೆ ಕಟ್ಟು, ಇಲ್ಲಾಂದ್ರೆ ಒಂದು ಸಸಿ ಬಿಡಲ್ಲ ಅವು.

ಜಗಳೂರು_ಮಸಾರಿ:
ಎಲ್ಲರ ಮಾತು ಸೇರಿಸಿ ಹಿಂಗೆ ಮಾಡ್ಕೊಂಡಿದೀವಿ, ತಪ್ಪಿದ್ರೆ ತಿದ್ದಿ. ಅಡಿಕೆ ಇಲ್ಲ, ಸಾಲ ಇಲ್ಲ. ಒಣ ಭೂಮೀಲಿ ರಾಗಿ ಅಕ್ಕಡಿ ಒಂದು ಎಕರೆ, ಶೇಂಗಾ ಅರ್ಧ, ಸಾವೆ ಅರ್ಧ. ನೀರಿನ ಎಕರೇಲಿ 8 ಗುಂಟೆ ನೇಪಿಯರ್, 2 ಗುಂಟೆ ಬೇಲಿ ಮೆಂತೆ, 10 ಗುಂಟೆ ರಸಮೇವಿಗೆ ಮೆಕ್ಕೆಜೋಳ, 5 ಗುಂಟೆ ಮನೆ ತರಕಾರಿ, ಉಳಿದ 15 ಗುಂಟೇಲಿ ಅಪ್ಪನ ಸಮಾಧಾನಕ್ಕೆ ಮಾರೋಕೆ ಮೆಣಸಿನಕಾಯಿ ಇಲ್ಲಾ ಟೊಮೆಟೊ. ಹಸು ಒಂದು, ಜೆರ್ಸಿ ಕ್ರಾಸ್, ಎರಡನೇ ಸೂಲಿಂದು. ಕುರಿ 6. ಮೊದಲು ಮೇವು ನಾಟಿ ಮಾಡಿ ಒಂದು ಕೊಯ್ಲು ಕೈಗೆ ಬಂದ ಮೇಲೇ ಹಸು.

ಹಿರಿಯೂರು_ಒಣಹೊಲ:
ಒಳ್ಳೇದಿದೆ. ಆ 15 ಗುಂಟೆ ಬೇಸಿಗೇಲಿ ಖಾಲಿ ಬಿಡಿ, ಒಂದು ಇಂಚು ನೀರಿಗೆ ಏಪ್ರಿಲಲ್ಲಿ ಟೊಮೆಟೊ ಹಾಕಿದ್ರೆ ನೇಪಿಯರ್ ಒಣಗುತ್ತೆ. ಮಾರೋ ಬೆಳೆ ಮುಂಗಾರಲ್ಲಿ ಒಂದು, ಅಷ್ಟೇ. ಜಾಗದ ಇಳಿಜಾರು ನೋಡಿ ಕೃಷಿ ಹೊಂಡ ಒಂದು ಮಾಡ್ಸಿ, ಹಸ್ತ ಚಿತ್ತೆ ಮಳೆ ತಪ್ಪಿದಾಗ ರಾಗಿಗೆ ಒಂದು ನೀರು ಕೊಟ್ರೂ ತೆನೆ ತುಂಬುತ್ತೆ.

ಹೊಸದುರ್ಗ_ಸಾವೆ:
ಸಾವೆ ಬೀಜ ಎಕರೆಗೆ 3-4 ಕೆ.ಜಿ. ಸಾಕು, ಅರ್ಧ ಎಕರೆಗೆ ಎರಡು ಕೆ.ಜಿ. ಹಿಡೀರಿ. ದಾವಣಗೆರೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ನಮ್ಮ ಕಡೆಯವರು ಹಿರಿಯೂರಿನ ಬಬ್ಬೂರು ಫಾರಂಗೆ ಹೋಗ್ತಾರೆ. ಮೊದಲ ವರ್ಷದ ಬೆಳೇಲಿ ಒಳ್ಳೆ ತೆನೆ ಆರಿಸಿ ಬೀಜಕ್ಕೆ ತೆಗೆದಿಡಿ.

ಜಗಳೂರು_ಮಸಾರಿ:
ಚಳ್ಳಕೆರೆ ಅಣ್ಣ, ಕುರಿ ಯಾವಾಗ ತಗೊಂಡ್ರೆ ಒಳ್ಳೇದು? ತಂದ ಮೇಲೆ ಮೊದಲು ಏನು ಮಾಡ್ಬೇಕು?

ಹಟ್ಟಿ_ಕುರಿ_ಚಳ್ಳಕೆರೆ:
ಬಕ್ರೀದ್ ಮುಗಿದು ಒಂದು ತಿಂಗಳು ಬಿಟ್ಟು ಬನ್ನಿ ಅಣ್ಣ, ಹಬ್ಬದ ಮುಂದೆ ರೇಟ್ ಏರಿರುತ್ತೆ, ಹಬ್ಬಕ್ಕೆ ಮಂದೆ ಅದಲು ಬದಲಾಗಿ ರೋಗನೂ ಓಡಾಡ್ತಿರುತ್ತೆ. ಬರೋವಾಗ ಅಪ್ಪನ್ನೂ ಕರ್ಕೊಂಡು ಬನ್ನಿ. ತಂದ ದಿನ ಹಸಿ ಮೇವು ಹಾಕ್ಬೇಡಿ, ಒಣ ಹುಲ್ಲು, ಬೆಲ್ಲದ ನೀರು ಅಷ್ಟೇ. ಮೂರು ವಾರ ಬೇರೆ ಕಡೆ ಇಟ್ಟು, ಜಂತು ಔಷಧಿ ತೂಕ ನೋಡಿ ಕುಡಿಸಿ, ಉಣ್ಣೆ ಹೇನು ನೋಡಿ, ಆಮೇಲೆ ಲಸಿಕೆಗೆ ಡಾಕ್ಟ್ರನ್ನ ಕರೀರಿ. ಟಗರು ಈಗ ಬೇಡ, 6 ಕುರಿಗೆ ಟಗರು ಸಾಕೋದು ದಂಡ, ಬೆದೆಗೆ ಬಂದಾಗ ಪಕ್ಕದ ಹಟ್ಟಿಯವರ ಟಗರು ಬಿಡಿಸ್ಕೊಳ್ಳಿ, ಮುಂದೆ ನಿಮ್ಮದೇ ಹೆಣ್ಣು ಮರಿ ದೊಡ್ಡವಾದಾಗ ಮಾತ್ರ ಬೇರೆ ಮಂದೆ ಟಗರು ನೋಡ್ಬೇಕು, ಅದೇ ಟಗರು ಬೇಡ. ಉಳಿದಿದ್ದು ಬಂದಾಗ ರೊಪ್ಪದಲ್ಲೇ ತೋರಿಸ್ತೀನಿ.